ಹಸಿರು ಕಾರ್ಡಿನ ವಶೀಲಿ

ನಮ್ಮ ಸಾಂಗಲಿ, ಮಿರಜ ಕಡೆ ವಶೀಲಿ ಇಲ್ಲದೆ ಆಗುವ ಕೆಲಸ ಯಾವುದಾದರೂ ಉಂಟೇ ಎಂದು ನೀವು ಕೇಳಿದರೆ ನಾನು ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹೊಲದಲ್ಲಿ ಒಣಗುತ್ತಿರುವ ಕಬ್ಬು ಕಾರಖಾನೆಯ ಗೇಟು ದಾಟಬೇಕಾದರೆ ಚೇರ್ಮನ್ನರ ಕಡೆಯವರಾಗಿರಬೇಕು. ಹಾಲಿನ ಸಂಘದಲ್ಲಿ ಹಾಲು ಅಳೆಯುವ ಕೆಲಸ ಸಿಗಬೇಕಾದರೆ ಚೇರ್ಮನ್ನರ ಕಡೆಯವರ ಕಡೆಯವರಾದರೂ ಆಗಿರಬೇಕು. ಬುಧಗಾಂವದಿಂದ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬೇಕೆಂದರೂ ಕಂಡಕ್ಟರನ ಗುರುತಿರಬೇಕು. ನನಗೆ ಆ ಗುರುತಿತ್ತು, ಸುಳ್ಳೇಕೆ ಹೇಳಲಿ.

ಇಂಥ ಸೀಮೆಯಲ್ಲಿ ಜಿನಮತಿ ಸಿಸ್ಟರ್ ಒಂದು ಸಂಶೋಧನೆಗೆ ಕೈ ಹಾಕಿದಳು. ಅದರ ಮೊದಲನೆಯ ನಿಯಮವೇ ಯಾರ ವಶೀಲಿಯೂ ನಡೆಯಬಾರದು ಎನ್ನುವುದು. ಕೇಳಿದ ಕೂಡಲೇ ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮಿರಜದ ನಮ್ಮ ಆಸ್ಪತ್ರೆಯಲ್ಲಿ ಗಂಡಸರ ಆಪರೇಷನ್ ವಾರ್ಡಿಗೆ ಅವಳು ಮೇಲಿನ ಸಿಸ್ಟರ್. ನಾನು, ಅಂಜನಾಬಾಯಿ, ಅವಳ ಕೈಕೆಳಗಿನ ನರ್ಸು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳು, ಬಾಯಿಯಲ್ಲಂತೂ ಬಹಳ ದೊಡ್ಡವಳು.

ಅವಳು ನಗದಿರಲು ಕಾರಣವಿತ್ತು. ಹಿಂದಿನ ವರ್ಷ ಅಥಣಿ ಕಡೆಯ ಒಬ್ಬ ಗಾಡಿಯವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಆಗಿನ ಪದ್ಧತಿ ಏನೆಂದರೆ, ಹೊಟ್ಟೆ ಕೊಯ್ಸಿಕೊಂಡವನು ದೊಡ್ಡ ಡಾಕ್ಟರು ಏಳು ಎನ್ನುವವರೆಗೆ ಅಂಗಾತ ಮಲಗಿರಬೇಕು. ದೊಡ್ಡ ಡಾಕ್ಟರರಿಗೆ ನೂರೆಂಟು ಕೆಲಸ, ಅವರಿಗೆ ನೆನಪಾದಾಗ ರೋಗಿ ಏಳುತ್ತಿದ್ದ. ಗಾಡಿಯವನ ಹೆಂಡತಿ ತಂಗೆವ್ವ ಜಿನಮತಿಯ ಬಳಿ ಬಂದು, "ಬಾಯಾರ, ಎದಿಯಾಗ ಗೊರಗೊರ ಅಂತೈತ್ರಿ. ಎಬ್ಬಿಸಿ ಕುಂದ್ರಸ್ಲೇನ್ರಿ?" ಎಂದು ಕೇಳಿದ್ದಳು. ಡಾಕ್ಟರರ ಅಪ್ಪಣೆ ಇರಲಿಲ್ಲ. ಜಿನಮತಿ ಬೇಡ ಎಂದಳು. ಅವನ ಹೊಟ್ಟೆಯ ಗಾಯ ಚೆನ್ನಾಗಿ ಮಾಯಿತು, ಎದೆ ಕಟ್ಟಿಕೊಂಡು ಜೀವ ಹೋಯಿತು. ಹೆಣ ಒಯ್ಯುವಾಗ ತಂಗೆವ್ವ ಬೈಯಲಿಲ್ಲ, ಅಳಲೂ ಇಲ್ಲ. "ನಾ ಕೇಳಿದ್ನೆಲ್ರಿ ಬಾಯಾರ," ಎಂದಷ್ಟೇ ಹೇಳಿ ಹೋದಳು. ಆ ಒಂದು ಮಾತು ಜಿನಮತಿಯನ್ನು ತಿನ್ನತೊಡಗಿತು.

ಆಪರೇಷನ್ ಆದವರನ್ನು ನರ್ಸುಗಳೇ ಸ್ವಂತ ಅಧಿಕಾರದಿಂದ ಬೇಗ ಎಬ್ಬಿಸುವಂತಾಗಬೇಕು, ಇದು ಅವಳ ಹಟ. ದೊಡ್ಡ ಡಾಕ್ಟರರ ಬಳಿ ಹೋಗಿ ಕೇಳಿಯೂ ಕೇಳಿದಳು. ಅವರು ಕೆಟ್ಟವರಲ್ಲ, ಆದರೆ ಮಾತಿಗೆ ಸೊಪ್ಪು ಹಾಕುವವರಲ್ಲ. "ನಿನಗೆ ಅನಿಸಿದರೆ ಆಯಿತೇ? ಸಾಬೀತು ಮಾಡಿ ತೋರಿಸು. ಸರಿಯಾಗಿ ಪ್ರಯೋಗ ಮಾಡು, ಫಲ ಬಂದರೆ ಆ ದಿನವೇ ವಾರ್ಡಿನ ನಿಯಮ ಬದಲಿಸುತ್ತೇನೆ. ಎಲ್ಲಿಯಾದರೂ ಗೋಲ್‌ಮಾಲ್ ಆಯಿತೋ, ಮತ್ತೆ ಈ ಮಾತು ನನ್ನ ಮುಂದೆ ಎತ್ತಬೇಡ," ಎಂದು ಮರಾಠಿಯಲ್ಲಿ ಖಡಾಖಂಡಿತ ಹೇಳಿಬಿಟ್ಟರು.

ಪ್ರಯೋಗದ ರೀತಿ ಹೀಗಿತ್ತು. ಹರ್ನಿಯಾಕ್ಕೆ ಬಂದ ಪ್ರತಿಯೊಬ್ಬ ಗಂಡಸಿಗೂ ಎಲ್ಲ ವಿಷಯ ಓದಿ ಹೇಳಿ, ಅವನು ಒಪ್ಪಿದರೆ ಮಾತ್ರ ಸೇರಿಸಿಕೊಳ್ಳುವುದು. ಮೇಟ್ರನ್ ಬಾಯಿಯವರು ಮೊದಲೇ ನಂಬರು ಹಾಕಿ ಅಂಟಿಸಿಟ್ಟ ಲಕೋಟೆಗಳಲ್ಲಿ ಒಂದನ್ನು ಅವನೆದುರಿಗೇ ಒಡೆಯುವುದು. ಒಳಗೆ ಹಸಿರು ಕಾರ್ಡು ಬಂದರೆ ಹೊಸ ಆರೈಕೆ, ಬಿಳಿ ಕಾರ್ಡು ಬಂದರೆ ಎಂದಿನ ಆರೈಕೆ. ಹೊಸದು ಅಂದರೆ ಔಷಧವಲ್ಲ, ಇಂಜೆಕ್ಷನ್ನೂ ಅಲ್ಲ. ಆಪರೇಷನ್ನಿಗೆ ಮೊದಲೇ ದೀರ್ಘ ಉಸಿರಾಡಲು, ಹೊಟ್ಟೆಗೆ ದಿಂಬು ಒತ್ತಿ ಕೆಮ್ಮಲು ಕಲಿಸುವುದು. ಆಪರೇಷನ್ನಾದ ಸಂಜೆ ಎಬ್ಬಿಸಿ ಕೂರಿಸುವುದು, ಮರುದಿನ ನಡೆಸುವುದು. ಈ ಕೆಲಸವೆಲ್ಲ ನನ್ನದು. ಜಿನಮತಿಯದು ದಿನಾ ಒಮ್ಮೆ ಬಂದು ಎಲ್ಲರ ಎದೆ, ಜ್ವರ ನೋಡುವುದು. ಯಾರದು ಯಾವ ಬಣ್ಣ ಎಂದು ಅವಳಿಗೆ ತಿಳಿಯಬಾರದು. ತಿಳಿದರೆ ಮನಸ್ಸು ಒಂದು ಕಡೆ ವಾಲುತ್ತದಲ್ಲ, ಅದಕ್ಕೆ. ಹಾಗಾಗಿ ಕಾರ್ಡನ್ನು ರೋಗಿ ದಿಂಬಿನ ಕೆಳಗೆ ಬಚ್ಚಿಟ್ಟುಕೊಳ್ಳಬೇಕು, ಅವಳೆದುರು ಬಾಯಿ ಬಿಡಬಾರದು.

ನಮ್ಮ ಜನಕ್ಕೆ ಬಾಯಿ ಬಿಡಬೇಡ ಎಂದರೆ ಎಲ್ಲಿಲ್ಲದ ಕಷ್ಟ. "ನಾ ಯಾವ ಬಣ್ಣದಾಗ ಅದೇನಿ ಅನ್ನೂದು ಹೇಳಂಗಿಲ್ರಿ ಬಾಯಾರ," ಎಂದು ಒಬ್ಬ ಮುದುಕ ಪ್ರಾಮಾಣಿಕವಾಗಿ ಶುರು ಮಾಡಿ, "ಆದ್ರ ಮುಂಜಾನಿ ವರಾಂಡಾದಾಗ ಥಂಡಿ ಭಾಳ ಇತ್ತ ನೋಡ್ರಿ," ಎಂದು ಮುಗಿಸಿದ್ದ. ಅಂದಿನಿಂದ ಜಿನಮತಿ ವಾರ್ಡಿನ ಬಾಗಿಲಲ್ಲೇ ಸ್ಟೆಥಸ್ಕೋಪು ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಬರುತ್ತಿದ್ದಳು, ಹೊರಗೆ ಹೋದ ಮೇಲೆಯೇ ತೆಗೆಯುತ್ತಿದ್ದಳು.

ಪ್ರಯೋಗ ಇನ್ನೇನು ಮುಗಿಯುವುದರಲ್ಲಿತ್ತು. ಆಗ ಬಂದರು ಮಾಲಗಾಂವದ ರಾವಸಾಬ ಕಾಕಾ.

ರಾವಸಾಬ ಕಾಕಾ ಅಂದರೆ ಸಕ್ಕರೆ ಕಾರಖಾನೆಯ ಚೇರ್ಮನ್. ಬಿಳಿ ಟೋಪಿ, ಬಿಳಿ ಧೋತರ, ಎಂಥ ಮಳೆಗಾಲದಲ್ಲೂ ಕೆಸರು ಹತ್ತದ ಚಪ್ಪಲಿ. ಜಿನಮತಿಯ ಅಪ್ಪನ ಸ್ವಂತ ತಮ್ಮ. ಅವಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಕೊಡಿಸಿದವರು ತಾವೇ ಎಂದು ಊರಿಗೆಲ್ಲ ಹೇಳಿದ್ದರು, ಅದು ನಿಜವೂ ಆಗಿತ್ತು. ಕಾರಖಾನೆಯ ಚುನಾವಣೆ ಹತ್ತಿರ ಬಂದಿತ್ತು. ಪ್ರಚಾರಕ್ಕೆ ಓಡಾಡುವ ಮೊದಲು ಹರ್ನಿಯಾ ಮುಗಿಸಿಕೊಂಡು ಬಿಡೋಣ ಎಂದು ಬಂದು ಸೇರಿದ್ದರು. ಪಕ್ಕದ ಕಾಟಿನಲ್ಲಿದ್ದವನು ಹುಲಿಗೆಪ್ಪ. ರಾಯಚೂರು ಕಡೆಯಿಂದ ದುಡಿಯಲು ಬಂದವನು, ಸಾಂಗಲಿ ಪೇಟೆಯಲ್ಲಿ ಅರಿಶಿನದ ಚೀಲ ಹೊತ್ತೂ ಹೊತ್ತೂ ಹರ್ನಿಯಾ ಮಾಡಿಕೊಂಡಿದ್ದ. ಎಷ್ಟು ತೊಳೆದರೂ ಅವನ ಕುತ್ತಿಗೆಯ ಹಳದಿ ಹೋಗುತ್ತಿರಲಿಲ್ಲ.

ಇಬ್ಬರಿಗೂ ಒಟ್ಟಿಗೇ ಓದಿ ಹೇಳಿದೆ. ಹುಲಿಗೆಪ್ಪ ಕೈಕಟ್ಟಿ ಕೂತು ಕೇಳಿದ. ರಾವಸಾಬ ಕಾಕಾ ಕೇಳಿದ ರೀತಿಯೇ ಬೇರೆ. ಕಾರಖಾನೆಯ ವಾರ್ಷಿಕ ಸಭೆಯನ್ನು ನೀವು ನೋಡಿದ್ದರೆ ನಿಮಗೆ ಗೊತ್ತಾಗುತ್ತದೆ. ಮೈಕಿನಲ್ಲಿ ಒಬ್ಬ ಠರಾವು ಓದಲು ಬಾಯಿ ತೆರೆಯುತ್ತಾನೆ, ಅವನು ಮೊದಲ ಸಾಲು ಮುಗಿಸುವ ಮೊದಲೇ ಮುಂದೆ ಕೂತವರೆಲ್ಲ ಕೈಯೆತ್ತಿ "ಮಂಜೂರ! ಮಂಜೂರ!" ಎಂದು ಕೂಗುತ್ತಾರೆ. ಓದುವವನಿಗೂ ಸುಖ, ಕೇಳುವವರಿಗೂ ಸುಖ, ಊಟವೂ ಬೇಗ ಆಗುತ್ತದೆ. ನಾನು "ಹೊಸ ಆರೈಕೆ ಅಂದ್ರ..." ಎನ್ನುವಷ್ಟರಲ್ಲಿ ರಾವಸಾಬ ಕಾಕಾ ಕೈಯೆತ್ತಿದರು.

"ಮಂಜೂರ!"

"ಪೂರ್ತಿ ಕೇಳ್ರಿ ಕಾಕಾ."

"ಎಲ್ಲಾ ಮಂಜೂರವ್ವಾ. ಸಹಿ ಎಲ್ಲಿ ಮಾಡ್ಲಿ, ಅದನ್ನಷ್ಟ ಹೇಳು."

ನಾನು ಬಿಡಲಿಲ್ಲ, ಕೊನೆಯ ಅಕ್ಷರದವರೆಗೂ ಓದಿದೆ. ಅವರು ಅಷ್ಟರಲ್ಲಿ ಕಿಟಕಿಯಾಚೆ ಯಾರದೋ ನಮಸ್ಕಾರಕ್ಕೆ ಕೈ ಮುಗಿಯುತ್ತಿದ್ದರು. ಲಕೋಟೆ ಒಡೆದೆ. ಹುಲಿಗೆಪ್ಪನಿಗೆ ಹಸಿರು ಬಂತು. ರಾವಸಾಬ ಕಾಕಾ ಅವರದು ಬಿಳಿ.

"ಇದೇನಿದು?" ಎಂದರು.

"ನಿಮ್ಮದು ಎಂದಿನ ಆರೈಕೆರಿ ಕಾಕಾ. ಹೊಸಾದು ಹುಲಿಗೆಪ್ಪಗ ಬಂದೈತಿ."

ಹುಟ್ಟಿದಾರಭ್ಯ ಅವರಿಗೆ 'ಎಂದಿನ' ವಸ್ತು ಯಾವುದೂ ಬಂದಿರಲಿಲ್ಲ. ಹೊಸ ಟ್ರ್ಯಾಕ್ಟರ್ ಜಿಲ್ಲೆಗೆ ಬಂದರೆ ಮೊದಲು ಅವರ ಮನೆಗೆ, ಹೊಸ ಕಬ್ಬಿನ ತಳಿ ಬಂದರೆ ಮೊದಲು ಅವರ ಹೊಲಕ್ಕೆ. ಈಗ ಹೊಸ ಉಪಚಾರ ಬಂದಿದೆ, ಅದು ಹಮಾಲನಿಗೆ ಹೋಗಿ ತಮಗೆ ಹಳೆಯದು ಬಂದಿದೆ! ಮುಖ ಕೆಂಪಾಯಿತು. ಎದೆ ನೋಡಲು ಜಿನಮತಿ ಬಂದಾಗ ಅವಳ ಕಿವಿಯಿಂದ ಸ್ಟೆಥಸ್ಕೋಪು ಕಿತ್ತು ಕೇಳಿದರು.

"ಜಿನಾ, ನಿನಗ ಸೀಟ ಕೊಡಸಿದ್ದು ಯಾರು?"

"ನೀವ ಕಾಕಾ."

"ಹಂಗಾದ್ರ ನನ್ನ ಕಾರ್ಡ..."

ಅವಳು ಎರಡೂ ಕಿವಿ ಮುಚ್ಚಿಕೊಂಡು, ರೋಗಿಗಳೆಲ್ಲ ನೋಡುತ್ತಿರುವಾಗಲೇ ಹೊರಗೆ ಓಡಿದಳು. ಹಿಂದೆಯೇ ಹೋಗಿ ನೋಡಿದೆ. ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಳು. "ಅಂಜನಾ, ಅವರ ಉಪಕಾರ ನನ್ನ ತಲಿ ಮ್ಯಾಲೆ ಐತಿ. ಆದ್ರ ಇದೊಂದರಾಗ ನಾ ಕೈ ಹಾಕಂಗಿಲ್ಲ. ಬಣ್ಣಾ ನನಗ ಹೇಳಬ್ಯಾಡ," ಎಂದಳು. ಹೇಳಲಿಲ್ಲ. ಹೇಳಲು ನಾಲಿಗೆ ತುರಿಸುತ್ತಿತ್ತು ಅನ್ನುವುದು ಬೇರೆ ಮಾತು.

ಆಮೇಲೆ ಕಾಕಾ ನನ್ನ ಕಡೆ ತಿರುಗಿದರು. ಕಾರಖಾನೆಯ ಸಕ್ಕರೆಯಿಂದ ಹಿಡಿದು ತಂಗಿಯ ಮದುವೆಗೆ ಜೀಪಿನವರೆಗೆ ಏನೇನೋ ಆಸೆ ತೋರಿಸಿದರು. ನನಗೆ ತಂಗಿಯೇ ಇಲ್ಲ ಎಂದೆ. "ಹಂಗಾದ್ರ ಅಕ್ಕಗ," ಎಂದರು. ನನ್ನ ಕೈಲಾಗುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಇಲ್ಲಿ ಕಬ್ಬಿನ ಚೀಟಿಯ ಮಾತು ಹೇಳಬೇಕು. ಕಬ್ಬು ಕಡಿಯುವ ಪಾಳಿ ಬಂತೆಂದರೆ ಕಾರಖಾನೆಯಿಂದ ರೈತನಿಗೆ ಚೀಟಿ ಬರುತ್ತದೆ. ಮಗಳ ಮದುವೆಯಿದ್ದವನು, ಅವಸರವಿದ್ದವನು, ದೊಡ್ಡವರ ಕಡೆಯವನು, ಬಡಪಾಯಿಯ ಚೀಟಿ ಇಸಿದುಕೊಂಡು ತನ್ನದನ್ನು ಅವನ ಕೈಗಿಡುತ್ತಾನೆ. ಗೇಟಿನಲ್ಲಿ ಯಾರೂ ಮುಖ ನೋಡುವುದಿಲ್ಲ, ಚೀಟಿ ನೋಡುತ್ತಾರೆ. ಚೀಟಿ ಯಾರ ಕೈಯಲ್ಲಿದೆಯೋ ಪಾಳಿ ಅವನದು. ಇಡೀ ಜೀವಮಾನ ಆ ಗೇಟಿನ ಒಡೆಯನಾಗಿದ್ದ ಮನುಷ್ಯನಿಗೆ ಆಸ್ಪತ್ರೆ ಬೇರೆ, ಕಾರಖಾನೆ ಬೇರೆ ಎಂದು ಹೊಳೆಯುವುದಾದರೂ ಹೇಗೆ?

ನಾನು ಔಷಧದ ಟ್ರೇ ಹಿಡಿದು ಪರದೆಯ ಆಚೆ ನಿಂತಿದ್ದೆ. ಮಾತು ಪೂರ್ತಿ ಕೇಳಿಸಿತು.

"ಹುಲಿಗೆಪ್ಪಾ, ಹಸರ ಕಾರ್ಡ ನನಗ ಕೊಡು. ನನ್ನ ಬಿಳೇದು ನೀ ಇಟ್ಕೊ. ಕಾರಖಾನಿ ಗೇಟಿನ್ಯಾಗ ವಾಚಮನ್ ಜಾಗಾ ಖಾಲಿ ಐತಿ. ಇನ್ನ ನೀ ಚೀಲಾ ಹೊರೂದು ಬ್ಯಾಡ."

"ಕೊಡ್ತೇನ್ರಿ ಸಾಹೇಬ್ರ. ಆದ್ರ ಹಸರಂದ್ರ..."

"ಹಸರಂದ್ರ ಏನನ್ನೂದು ನನಗ ಗೊತ್ತಿಲ್ಲೇನೊ?"

"ಹಂಗಲ್ರಿ, ಅಕ್ಕಾರು ಓದಿದಾಗ..."

"ಮಂಜೂರ ಅನ್ನೊ!"

"ಮಂಜೂರ್ರಿ," ಎಂದ ಹುಲಿಗೆಪ್ಪ.

ನನಗೆ ನಗು ತಡೆಯಲಾಗಲಿಲ್ಲ, ಟ್ರೇಯಲ್ಲಿದ್ದ ಬಾಟಲಿಗಳೆಲ್ಲ ಗಡಗಡ ಎಂದವು. ನೋಡಿ, ಲಕೋಟೆ ಒಡೆದವಳು ನಾನು. ಯಾರಿಗೆ ಏನು ಬಂದಿದೆ ಎಂದು ನನಗೆ ಗೊತ್ತು, ಲಕೋಟೆಯ ನಂಬರು ಮೇಟ್ರನ್ ಬಾಯಿಯವರಿಗೂ ಗೊತ್ತು. ಕಾರ್ಡು ದಿಂಬಿನಿಂದ ದಿಂಬಿಗೆ ಹಾರಿದರೇನು, ಜೈಪುರಕ್ಕೆ ಹೋದರೇನು! ಆದರೂ ಧರ್ಮಕ್ಕೆ ಒಮ್ಮೆ ಹೇಳಬೇಕಲ್ಲ. ಕಾಕಾ ಅವರ ಹತ್ತಿರ ಹೋಗಿ, "ಕಾಕಾ, ನಿಮ್ಮ ಲಕೋಟ್ಯಾಗ ಬಂದಿದ್ದು ಬಿಳೇದು. ನಿಮಗ ಎಂದಿನ ಆರೈಕೆನ ಆಗ್ತೈತಿ," ಎಂದು ಸ್ಪಷ್ಟವಾಗಿ ಹೇಳಿದೆ.

ಅವರು ಒಂದು ಕಣ್ಣು ಮಿಟುಕಿಸಿದರು. "ಹೌದವ್ವಾ ಹೌದು. ಬಿಳೇದ. ಬರೇ ಬಿಳೇದ," ಎಂದು ನನ್ನ ಬೆನ್ನು ತಟ್ಟಿದರು. ತಮ್ಮ ಕಡೆ ಸೇರಿಕೊಂಡು ಮೇಲಿನ ಮಾತಿಗೆ ಹಾಗೆ ಹೇಳುತ್ತಿದ್ದೇನೆ ಎಂದು ತಿಳಿದರು. ಇನ್ನು ನಾನೇನು ಡಂಗುರ ಹೊಡೆಸಲೇ?

ಆಪರೇಷನ್ನಿಗೆ ಮೊದಲು ಹುಲಿಗೆಪ್ಪನನ್ನು ವರಾಂಡದ ಕೊನೆಗೆ ಕರೆದುಕೊಂಡು ಹೋಗಿ ಉಸಿರಾಟ ಕಲಿಸಿದೆ. ದಿಂಬು ಅಪ್ಪಿಕೊಂಡು ಕೆಮ್ಮು ಎಂದರೆ ಅವನು ಇಡೀ ಮಿರಜ ಸ್ಟೇಷನ್ನಿಗೆ ಕೇಳಿಸುವಂತೆ ಕೆಮ್ಮಿದ. ಒಳಗಿನಿಂದ ಕಾಕಾ ನೋಡಿ, "ಪಾಪ, ಬಡವನ ಕಡಿಂದ ಕವಾಯತ ಮಾಡಸಾಕತ್ತಾರ," ಎಂದು ಲೊಚಗುಟ್ಟಿದರು. ತಮ್ಮ ಹಸಿರು ಕಾರ್ಡನ್ನು ದಿಂಬಿನ ಕೆಳಗೆ ಇನ್ನಷ್ಟು ಒಳಗೆ ತಳ್ಳಿದರು.

ಇಬ್ಬರಿಗೂ ಒಂದೇ ದಿನ ಆಪರೇಷನ್ ಆಯಿತು. ಸಂಜೆ ಹುಲಿಗೆಪ್ಪನನ್ನು ಎಬ್ಬಿಸಿ ಕೂರಿಸಿದೆ, ಮರುದಿನ ಬೆಳಿಗ್ಗೆ ನಡೆಸಿದೆ. ಅವನು ಹೊಟ್ಟೆಗೆ ದಿಂಬು ಒತ್ತಿ ಹಿಡಿದು, ಅವ್ವಾ ಅಪ್ಪಾ ಎನ್ನುತ್ತ, ನನ್ನನ್ನೂ ನನ್ನ ವಂಶವನ್ನೂ ಮೆಲುದನಿಯಲ್ಲಿ ಬೈಯುತ್ತ ಬಾಗಿಲವರೆಗೆ ನಡೆದ. ಅವನ ಹೆಂಡತಿ ಕೆಂಪವ್ವ ಒಂದು ಕಡೆ ಅವನ ರಟ್ಟೆ ಹಿಡಿದಿದ್ದಳು, ಇನ್ನೊಂದು ಕಡೆ ನನ್ನನ್ನು ಕಣ್ಣಿನಿಂದಲೇ ಸುಡುತ್ತಿದ್ದಳು.

ರಾವಸಾಬ ಕಾಕಾ ಮಾತ್ರ ಮಹಾರಾಜರ ಹಾಗೆ ಅಂಗಾತ ಮಲಗಿದ್ದರು. ಹೆಂಡತಿ ರತ್ನಾಬಾಯಿ ಹೊತ್ತು ಮುಳುಗುವ ಮೊದಲೇ ತುಪ್ಪ ಸುರಿದ ಶಿರಾ ತಂದು, ತಲೆಯನ್ನೂ ಎತ್ತಗೊಡದೆ, ಗುಬ್ಬಿಗೆ ಕಾಳು ಕೊಟ್ಟಂತೆ ತಿನ್ನಿಸುತ್ತಿದ್ದರು. ಪಕ್ಷದ ಜನ ಗುಂಪು ಗುಂಪಾಗಿ ಬಂದರು. ಅವರೆಲ್ಲರ ಮುಂದಾಳು ಧೋಂಡಪ್ಪ, ಕಾಕಾ ಸೀನಿದರೆ ಮೂಗು ಒರೆಸಿಕೊಳ್ಳುವ ಮನುಷ್ಯ. ಅವನಿಗೆ ಕಾಕಾ ಕಾರ್ಡು ತೋರಿಸಿದರು.

"ಇದ ನೋಡು ಹೊಸಾ ಉಪಚಾರ. ಅಲ್ಲಾಡೂ ಹಂಗಿಲ್ಲ, ಏಳೂ ಹಂಗಿಲ್ಲ. ಏನ ಆರಾಮಂತಿ! ಅವನ ನೋಡು, ಹಳೇ ಪದ್ಧತಿ. ಕೊಯ್ದ ಹೊಟ್ಟಿ ಹಿಡಕೊಂಡು ಅಡ್ಡಾಡಸಾಕತ್ತಾರ."

"ನಿಮ್ಮ ವಶೀಲಿ ದವಾಖಾನ್ಯಾಗೂ ನಡೀತಂದ್ರ!" ಎಂದು ಧೋಂಡಪ್ಪ ಕೈಮುಗಿದ. ಹೊರಗೆ ಹೋದವನು ಈ ಸುದ್ದಿಯನ್ನು ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಿಂದ ಸಾಂಗಲಿ ಪೇಟೆಯವರೆಗೆ ಪ್ರಚಾರ ಭಾಷಣದ ಜೊತೆ ಉಚಿತವಾಗಿ ಹಂಚಿದ.

ಕಾಕಾ ಅವರ ಒಳ್ಳೆಯತನವನ್ನೂ ಹೇಳಬೇಕು. ಹುಲಿಗೆಪ್ಪ ನಡೆಯುವುದನ್ನು ನೋಡಲಾಗದೆ ಮೇಟ್ರನ್ ಬಾಯಿಯವರನ್ನು ಕರೆಸಿ ದೂರು ಕೊಟ್ಟರು. "ಬಡವ ಅಂತ ಹಿಂಗ ಹಿಂಸಾ ಕೊಡಬಾರದು. ಬೇಕಾದ್ರ ನಾ ಬರದ ಕೊಡ್ತೇನಿ," ಎಂದರು. ಮೇಟ್ರನ್ ಬಾಯಿ ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ.

ಹುಲಿಗೆಪ್ಪ ದಿನದಿಂದ ದಿನಕ್ಕೆ ಚುರುಕಾದ. ಪಕ್ಕದವರಿಗೆ ನೀರು ತಂದುಕೊಟ್ಟ, ಕೆಂಪವ್ವನ ಜೊತೆ ಜಗಳ ಆಡಿದ, ಬೀಡಿ ಸೇದಲು ಹೋಗಿ ನನ್ನ ಕೈಗೆ ಸಿಕ್ಕಿಬಿದ್ದ. ಅತ್ತ ಕಾಕಾ ಅವರ ದನಿ ತಗ್ಗಿತು. ಶಿರಾ ಬೇಡವಾಯಿತು. ಕೆಮ್ಮು ಬಂದರೆ ಹೊಟ್ಟೆ ನೋವೆಂದು ತಡೆದುಕೊಳ್ಳತೊಡಗಿದರು, ಮೈ ಬಿಸಿಯಾಯಿತು.

ಆ ದಿನ ಜಿನಮತಿ ಅವರ ಎದೆಗೆ ಸ್ಟೆಥಸ್ಕೋಪು ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಬೆನ್ನಿಗೆ ಇಟ್ಟಳು, ಮತ್ತೆ ಎದೆಗೆ ಇಟ್ಟಳು. ನನ್ನ ಕೋಣೆಗೆ ಬಂದು ನಿಂತಳು. ಮುಖ ಬಿಳಿಚಿತ್ತು.

"ಅದ ಸಪ್ಪಳ, ಅಂಜನಾ. ಆ ಗಾಡಿಯವನ ಎದಿಯಾಗ ಕೇಳಿದ್ನೆಲ್ಲ, ಅದ."

ಅವಳು ಕೇಳಿಬಿಡುತ್ತಾಳೆ ಎಂದುಕೊಂಡೆ. ಕಾಕಾ ಯಾವ ಬಣ್ಣದಲ್ಲಿದ್ದಾರೆ, ಅವರನ್ನು ಹಸಿರಿಗೆ ಹಾಕಿಬಿಡು ಎಂದು ಅವಳು ಹೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆನೋ ಏನೋ, ದೇವರಿಗೇ ಗೊತ್ತು. ನನಗೂ ಆ ಹೊತ್ತಿಗೆ ನಗು ಇಂಗಿಹೋಗಿತ್ತು. ಅವಳು ಕೇಳಲಿಲ್ಲ. ಬೇರೆ ಯಾವ ರೋಗಿಯಾಗಿದ್ದರೂ ಏನು ಮಾಡಬೇಕಿತ್ತೋ ಅದನ್ನೇ ಮಾಡಿದಳು, ನೇರ ದೊಡ್ಡ ಡಾಕ್ಟರರ ಬಳಿ ಓಡಿದಳು. ಅವರು ಬಂದು ನೋಡಿ, ಔಷಧ ಬರೆದು, ಈಗಲೇ ಎಬ್ಬಿಸಿ ಕೂರಿಸಿ, ಕೆಮ್ಮಿಸಿ, ನಡೆಸಿ ಎಂದು ಅಪ್ಪಣೆ ಕೊಟ್ಟು ಹೋದರು.

"ಏಳ್ರಿ ಕಾಕಾ," ಎಂದೆ.

"ಏಳೂದು? ನಾ ಯಾಕ ಏಳ್ಲಿ?" ಕಾಕಾ ದಿಂಬಿನ ಕೆಳಗೆ ಕೈ ಹಾಕಿ ಕಾರ್ಡು ಎಳೆದು ನನ್ನ ಮೂಗಿಗೆ ಹಿಡಿದರು. "ನಂದು ಹಸರ! ಹೊಸಾ ಉಪಚಾರ! ನಾ ಮಲಗೂದು!"

"ಹಸರಂದ್ರ ಏಳೂದ್ರಿ ಕಾಕಾ. ಬಿಳೇದಂದ್ರ ಮಲಗೂದು."

"ಯಾರ ಹೇಳಿದ್ರು?"

"ನಾನ ಓದಿ ಹೇಳಿದ್ದೆ. ನೀವು ಮಂಜೂರ ಅಂದ್ರಿ."

ಕಾಕಾ ಹುಲಿಗೆಪ್ಪನ ಕಡೆ ನೋಡಿದರು. ಅವನು ಆಗಲೇ ಮನೆಗೆ ಹೊರಡಲು ಅಂಗಿ ತೊಟ್ಟು ನಿಂತಿದ್ದ. "ನಾ ಹೇಳಾಕ ಬಂದಿದ್ನಿರಿ ಸಾಹೇಬ್ರ," ಎಂದ ಮೆಲ್ಲಗೆ. "ವಾಚಮನ್ ಮಾತು ಹಂಗ ಐತಲ್ರಿ? ಕಾರ್ಡ ನಾ ಕೊಟ್ಟೇನಿ ಮತ್ತ."

"ಅಂದ್ರ, ಈ ಬಾಯಿ ಕಾರ್ಡ ನೋಡೇ ಇಲ್ಲೇನು?" ಎಂದರು ಕಾಕಾ.

"ನಾ ಮಾರಿ ನೋಡ್ತೇನ್ರಿ ಕಾಕಾ. ಇದು ಕಾರಖಾನಿ ಗೇಟ ಅಲ್ಲ."

ಅವರಿಗೆ ನಗಲೋ ಬೈಯಲೋ ತಿಳಿಯಲಿಲ್ಲ, ಅಷ್ಟರಲ್ಲಿ ಕೆಮ್ಮು ಬಂತು. ಹುಲಿಗೆಪ್ಪ ತನ್ನ ದಿಂಬನ್ನು ತಂದು ಅವರ ಹೊಟ್ಟೆಗೆ ಒತ್ತಿ ಹಿಡಿದು, "ಹಿಂಗ ಹಿಡ್ಕೋರಿ, ಈಗ ಜೋರ್ಲೆ ಕೆಮ್ರಿ. ನಾಚಬ್ಯಾಡ್ರಿ," ಎಂದ. ಚೇರ್ಮನ್ನರು ಕೆಮ್ಮಿದರು. ಒಂದು ಕಡೆ ನಾನು, ಇನ್ನೊಂದು ಕಡೆ ಹುಲಿಗೆಪ್ಪ ಹಿಡಿದುಕೊಂಡು ವರಾಂಡದವರೆಗೆ ನಡೆಸಿದೆವು. ದಾರಿಯುದ್ದಕ್ಕೂ ಅವರು ನನ್ನನ್ನೂ ನನ್ನ ವಂಶವನ್ನೂ ಬೈದದ್ದು ಹುಲಿಗೆಪ್ಪನ ಬೈಗುಳಕ್ಕಿಂತ ಸೊಗಸಾಗಿತ್ತು, ಭಾಷಣದ ಅಭ್ಯಾಸ ಅಲ್ಲವೇ. ಕೆಲವು ದಿನಗಳಲ್ಲಿ ಎದೆ ತಿಳಿಯಾಯಿತು, ಮನೆಗೆ ಹೋದರು. ಹೋಗುವಾಗ ನನ್ನ ಕಿವಿಯ ಬಳಿ ಬಗ್ಗಿ, "ಧೋಂಡಪ್ಪಗ ಮಾತ್ರ ಗೊತ್ತಾಗಬಾರದು," ಎಂದರು.

ಗೊತ್ತಾಗದೇ ಇದ್ದದ್ದೇ ತೊಂದರೆಯಾಯಿತು.

ಪ್ರಯೋಗ ಮುಗಿಯಿತು. ಬಣ್ಣಗಳನ್ನು ಜೋಡಿಸಿ ನೋಡಿದರೆ, ಎದ್ದು ನಡೆದವರಲ್ಲಿ ಎದೆ ಕಟ್ಟಿದವರು ಬಹಳ ಕಡಿಮೆ, ಮನೆಗೆ ಹೋದದ್ದೂ ಬೇಗ. ಜಿನಮತಿ ಅದನ್ನೆಲ್ಲ ಬರೆದು ದೊಡ್ಡ ಡಾಕ್ಟರರ ಮೇಜಿನ ಮೇಲೆ ಇಟ್ಟಳು. ನಾನು ಅವಳ ಹಿಂದೆ ನಿಂತಿದ್ದೆ. ಅವರು ಓದಲೇ ಇಲ್ಲ.

"ಮಾಲಗಾಂವದ ಚೇರ್ಮನ್ನರು ತಮ್ಮ ಕಾರ್ಡು ಬದಲಿಸಿಕೊಂಡರಂತೆ. ಇಡೀ ಸಾಂಗಲಿ ಹೇಳುತ್ತಿದೆ. ಅವರು ನಿನ್ನ ಕಾಕಾ, ಅಲ್ಲವೇ? ಒಬ್ಬರು ಬದಲಿಸಿಕೊಂಡರು ಅಂದರೆ ಇನ್ನೆಷ್ಟು ಜನ ಬದಲಿಸಿಕೊಂಡಿದ್ದಾರೋ! ಇದನ್ನು ನಾನು ಹೇಗೆ ನಂಬಲಿ?"

ಜಿನಮತಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಇಂದಿಗೂ ಚುಚ್ಚುತ್ತದೆ. ಕಾರ್ಡಷ್ಟೇ ಬದಲಾಯಿತು, ಆರೈಕೆ ಬದಲಾಗಲಿಲ್ಲ ಎಂದು ನಾನು ಹೇಳಿದೆ. "ನೀನು ಅವಳ ಕೈಕೆಳಗಿನವಳು, ನೀನು ಬೇರೇನು ಹೇಳುತ್ತೀ?" ಎಂದರು ಡಾಕ್ಟರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ನಾನು ಹೊರಗೆ ಬಂದೆ. ಗಾಯ ತೋರಿಸಲು ಬಂದ ರಾವಸಾಬ ಕಾಕಾ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಧೋಂಡಪ್ಪ ಚುನಾವಣೆಯ ಪತ್ರಿಕೆಗಳನ್ನು ರೋಗಿಗಳಿಗೆಲ್ಲ ಹಂಚುತ್ತಿದ್ದ. ಕಾಕಾ ಅವರನ್ನು ಒಂದು ಬದಿಗೆ ಕರೆದು ನಡೆದದ್ದನ್ನು ಹೇಳಿದೆ. "ಒಳಗ ಬಂದು ಖರೇ ಹೇಳ್ರಿ," ಎಂದೆ.

"ಏನಂತ ಹೇಳ್ಲಿ? ನನ್ನ ವಶೀಲಿ ನಡೀಲಿಲ್ಲ ಅಂತನ? ಚುನಾವಣಿ ಬಂದೈತಿ ಅಂಜನಾ. ಚೋರ ಅಂದ್ರೂ ಜನಾ ಮತಾ ಹಾಕ್ತಾರ, ವಶೀಲಿ ಇಲ್ಲದವ ಅಂದ್ರ ಯಾರ ಹಾಕ್ತಾರ?"

ಅದೂ ನಿಜವೇ. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು.

"ಕಾಕಾ, ಆಕಿ ನಿಮ್ಮ ಎದಿ ಸಪ್ಪಳ ಕೇಳಿ ಅಂಜಿದ್ದು ನಾ ನೋಡೇನಿ. ಒಂದ ಮಾತು ನನ್ನ ಕೇಳಿದ್ರ ಸಾಕಿತ್ತು. ಕೇಳ್ಲಿಲ್ಲ. ಇಷ್ಟ ದಿನಾ ಆ ಸೀಟ ಕೊಡಸಿದ್ದು ನಾನು ಅಂತ ಊರ ತುಂಬ ಹೇಳೀರಿ. ಎಂಥಾಕಿಗೆ ಕೊಡಸೀರಿ ಅನ್ನೂದು ಈಗ ಹೇಳ್ರಲ್ಲ."

ಅವರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಹೋಗಿ ಡಾಕ್ಟರರ ಕೋಣೆಯ ಬಾಗಿಲು ನೂಕಿದರು. ಧೋಂಡಪ್ಪ ನೆರಳಿನ ಹಾಗೆ ಹಿಂದೆ ಬಂದ. ಅವನನ್ನು ಹೊರಗೆ ನಿಲ್ಲಿಸಬಹುದಿತ್ತು, ಕಾಕಾ ನಿಲ್ಲಿಸಲಿಲ್ಲ.

"ಡಾಕ್ಟರಸಾಹೇಬ, ಕಾರ್ಡ ಬದಲಿ ಮಾಡಿಕೊಂಡಿದ್ದು ಖರೆ. ಹಮಾಲಗ ನೌಕರಿ ಆಸೆ ತೋರ್ಸಿ ಇಸ್ಕೊಂಡೆ. ಈ ಬಾಯಿ ನನ್ನ ಕಾರ್ಡ ನೋಡ್ಲಿಲ್ಲ, ಮಾರಿ ನೋಡಿದ್ಲು. ಲಕೋಟ್ಯಾಗ ಬಂದದ್ದನ್ನ ನನಗ ಮಾಡಿದ್ಲು. ಮಲಗಸಿದ್ಲು, ಜ್ವರಾ ಬಂತು, ನೀವ ಬಂದು ಎಬ್ಬಿಸಿದ್ರಿ." ಅವರು ಜಿನಮತಿಯ ಕಡೆ ಬೆರಳು ಮಾಡಿದರು. "ಈಕಿ ನನ್ನ ಅಣ್ಣನ ಮಗಳು. ನಾ ಈಕಿ ಕೈ ಹಿಡದ ಕೇಳೇನಿ, ಉಪಕಾರ ನೆನಪಿಗೆ ಹಾಕೇನಿ. ಕಿವಿ ಮುಚ್ಕೊಂಡು ಓಡಿದ್ಲು. ಈ ಜಿಲ್ಲಾದಾಗ ನನ್ನ ವಶೀಲಿ ನಡೀಲಾರದ ಜಾಗಾ ಒಂದ ಐತಿ ಸಾಹೇಬ, ಈಕಿ ಲಕೋಟಿ."

ಧೋಂಡಪ್ಪನ ಕೈಯಿಂದ ಪತ್ರಿಕೆಗಳು ಜಾರಿ ನೆಲಕ್ಕೆ ಬಿದ್ದವು. ದೊಡ್ಡ ಡಾಕ್ಟರು ಕಾಕಾ ಅವರಿಗೆ ಮಾಡಿದ ಆರೈಕೆಯನ್ನು ನಾನು ಬರೆದಿಟ್ಟಿದ್ದ ಕೇಸ್ ಪೇಪರ್ ತರಿಸಿ, ಮೇಟ್ರನ್ ಬಾಯಿಯವರ ಲಕೋಟೆಯ ನಂಬರಿನ ಜೊತೆ ಹೋಲಿಸಿ ನೋಡಿದರು. ಉಳಿದವರದನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಜಿನಮತಿ ಬರೆದದ್ದನ್ನು ಹತ್ತಿರ ಎಳೆದುಕೊಂಡು, ಮೊದಲ ಪುಟದಿಂದ ಓದತೊಡಗಿದರು. ನಾವೆಲ್ಲ ನಿಂತೇ ಇದ್ದೆವು. ಕೊನೆಗೆ, "ಇನ್ನು ಮೇಲೆ ನೀವೇ ಎಬ್ಬಿಸಿ. ನನ್ನನ್ನು ಕೇಳುವುದು ಬೇಡ," ಎಂದರು. ಜಿನಮತಿ ಅತ್ತಳು. ನಾನೂ ಅತ್ತೆ. ಕಾಕಾ, "ಮಂಜೂರ," ಎಂದರು, ಈ ಸಲ ಪೂರ್ತಿ ಕೇಳಿದ ಮೇಲೆ.

ಚುನಾವಣೆಯಲ್ಲಿ ಎದುರು ಪಕ್ಷದವರು ಈ ಲಕೋಟೆಯನ್ನು ಊರೂರಿಗೆ ಒಯ್ದರು. ನರ್ಸಿನ ಹತ್ತಿರವೇ ನಡೆಯದ ವಶೀಲಿ ಸರ್ಕಾರದ ಹತ್ತಿರ ಹೇಗೆ ನಡೆದೀತು ಎಂದು ಕೇಳಿದರು. ಕಾಕಾ ಡೈರೆಕ್ಟರಾಗಿ ಗೆದ್ದರು, ಚೇರ್ಮನ್ ಆಗಲಿಲ್ಲ. ಧೋಂಡಪ್ಪ ಹೊಸ ಚೇರ್ಮನ್ನರ ಸೀನಿಗೆ ಮೂಗು ಒರೆಸಿಕೊಳ್ಳಲು ಹೋದ. ಖುರ್ಚಿ ಬಿಡುವ ಮೊದಲು ಕಾಕಾ ಮಾಡಿಸಿದ ಕೊನೆಯ ಕೆಲಸ ಹುಲಿಗೆಪ್ಪನ ವಾಚ್‌ಮನ್ ನೌಕರಿ. ಅವನು ಈಗ ಗೇಟಿನಲ್ಲಿ ಕೂತು ಚೀಟಿಯ ಜೊತೆ ಮುಖವನ್ನೂ ನೋಡುತ್ತಾನೆ ಎಂದು ರೈತರು ಗೊಣಗುತ್ತಾರೆ.

ನಿಯಮ ಬದಲಾದ ವಾರದಲ್ಲೇ ಬಿಜಾಪುರ ಕಡೆಯ ಒಬ್ಬ ಕುರುಬನಿಗೆ ಆಪರೇಷನ್ ಆಯಿತು. ಸಂಜೆ ಅವನ ಹೆಂಡತಿ ಜಿನಮತಿಯ ಮುಂದೆ ಬಂದು, ಸೆರಗಿನ ತುದಿ ಹಿಂಡುತ್ತ ನಿಂತಳು. ಅಂಜುತ್ತ ಕೇಳಿದಳು.

"ಬಾಯಾರ, ಉಸರಾಡಾಕ ತ್ರಾಸ ಅಂತಾನ್ರಿ. ಎಬ್ಬಿಸಿ ಕುಂದ್ರಸ್ಲೇನ್ರಿ?"

ನಾನು ಜಿನಮತಿಯ ಮುಖ ನೋಡಿದೆ. ಅವಳು ಒಂದು ಗಳಿಗೆ ಬಾಗಿಲ ಕಡೆ ನೋಡಿದಳು, ಅಲ್ಲಿ ತಂಗೆವ್ವ ನಿಂತಿದ್ದಾಳೇನೋ ಎನ್ನುವ ಹಾಗೆ. ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಟಿನ ಬಳಿಗೆ ನಡೆದಳು.

"ಕುಂದ್ರಸವ್ವಾ," ಎಂದಳು. "ನಾನೂ ಹಿಡೀತೇನಿ."